ಹಾಲಿ ಗಿಡದ ಹಂಬಲ, ಕವಳೆಯ ಬೇಲಿ

ಕ್ರಿಸ್ತಜಯಂತಿಯ ಶುಭಾಶಯ ಪತ್ರಗಳನ್ನು ಅಂಚೆಯವರು ಮನೆಬಾಗಿಲಿಗೆ ತಂದುಕೊಡುತ್ತಿದ್ದ ಕಾಲ ಬಹುಮಟ್ಟಿಗೆ ಮುಗಿದುಹೋಗಿದೆ. ಆದರೆ ಆ ಪತ್ರಗಳ ಮೂಲೆಯಲ್ಲಿ ಅಚ್ಚಾಗಿರುತ್ತಿದ್ದ ಒಂದು ಎಲೆ ಮಾತ್ರ ಎಲ್ಲಿಗೂ ಹೋಗಿಲ್ಲ. ಮಡಿಕೆ ಮಡಿಕೆಯಾದ ಅಂಚು, ಅಂಚಿನ ತುದಿತುದಿಗೆ ಮುಳ್ಳು, ಎಣ್ಣೆ ಸವರಿದಂತೆ ಹೊಳೆಯುವ ಮೈ, ನಡುವೆ ಎರಡೋ ಮೂರೋ ಕೆಂಪು ಹಣ್ಣು. ಈಗ ಅದು ಕೈಯಲ್ಲಿರುವ ಫೋನಿನೊಳಗೆ ಬರುತ್ತದೆ. ಕೇಕಿನ ಡಬ್ಬದ ಮೇಲೆ ಕುಳಿತಿರುತ್ತದೆ. ಗೋದಲಿಯ ಸುತ್ತ ಕಟ್ಟುವ ಪ್ಲಾಸ್ಟಿಕ್ ತೋರಣದಲ್ಲಿ ತೂಗಾಡುತ್ತದೆ. ನಮ್ಮಲ್ಲಿ ಬಹುಪಾಲು ಮಂದಿ ಆ ಎಲೆಯನ್ನು ನೂರಾರು ಬಾರಿ ಕಂಡಿದ್ದೇವೆ, ಆ ಗಿಡವನ್ನು ಒಂದು ಬಾರಿಯೂ ಕಂಡಿಲ್ಲ. ಅದರ ಹೆಸರು ಹಾಲಿ. ಕನ್ನಡದಲ್ಲಿ ‘ಹಾಲಿ’ ಎಂದರೆ ಈಗ ಇರುವುದು ಎಂದು ಅರ್ಥ. ನಮ್ಮ ಪ್ರದೇಶದ ಮಟ್ಟಿಗೆ ಇರದೇ ಇರುವ ಗಿಡಕ್ಕೆ ಈ ಹೆಸರು ಬಂದಿರುವುದು ಒಂದು ತಮಾಷೆಯೇ ಸರಿ.

ಈ ಬಾರಿ ಈ ಗಿಡದ ವಿಚಾರವನ್ನು ಎತ್ತಿಕೊಳ್ಳಲು ಕಾರಣವುಂಟು. ಬಿಡದಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿರುವ ನಮ್ಮ ಸ್ನೇಹಿತರೊಬ್ಬರು ಕಳೆದ ಮೂರು ವರ್ಷಗಳಿಂದ ಹಾಲಿ ಗಿಡದ ಬೆನ್ನು ಹತ್ತಿದ್ದರು. ಅವರ ಮಗಳು ಐರ್ಲೆಂಡಿನಲ್ಲಿ ದಾದಿಯಾಗಿ ಕೆಲಸ ಮಾಡುತ್ತಾಳೆ. ಅಲ್ಲಿಗೆ ಹೋದ ಮೊದಲ ಡಿಸೆಂಬರಿನಲ್ಲಿ ತಾನಿರುವ ಮನೆಯ ಬೇಲಿಯ ಚಿತ್ರವನ್ನು ತಂದೆಗೆ ಕಳುಹಿಸಿದಳು. ಸಾಮಾನ್ಯ ಹಾಲಿಯಲ್ಲ, ಎಲೆಯ ಸುತ್ತ ಕೆನೆಬಣ್ಣದ ಅಂಚಿರುವ, ನರ್ಸರಿಯವರು ‘ವೇರಿಗೇಟೆಡ್’ ಎನ್ನುವ ಜಾತಿಯದು. ಹಸಿರಿನ ಮೇಲೆ ಯಾರೋ ಕುಂಚದಿಂದ ಸುಣ್ಣದ ಗೆರೆ ಎಳೆದಂತೆ. ತಮ್ಮ ಮೂವತ್ತು-ನಲವತ್ತರ ನಿವೇಶನದ ಮುಂದುಗಡೆ, ಮಾತೆ ಮರಿಯಮ್ಮನ ಚಿಕ್ಕ ಗವಿಯ ಎರಡೂ ಪಕ್ಕದಲ್ಲಿ ಅಂಥದೇ ಗಿಡ ಇರಬೇಕೆಂದು ಆ ತಂದೆಯ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಮಗಳು ಎರಡು ವರ್ಷಕ್ಕೊಮ್ಮೆ ಬರುತ್ತಾಳೆ. ಬಂದಾಗ ಅವಳ ಅಂಗಳ ಇಲ್ಲಿಯೂ ಇರಲಿ ಎಂಬ ಆಸೆ. ಅದನ್ನು ನಾವು ಹುಚ್ಚು ಎನ್ನಲಾರೆವು.

ಮೊದಲ ವರ್ಷ ಒಂದು ನರ್ಸರಿಯಿಂದ ‘ಬೆಟ್ಟದ ಊರಿನಿಂದ ತರಿಸಿದ್ದು’ ಎಂಬ ಮಾತನ್ನು ನಂಬಿ ಆರುನೂರೈವತ್ತು ರೂಪಾಯಿ ಕೊಟ್ಟು ಒಂದು ಕುಂಡ ತಂದರು. ಡಿಸೆಂಬರ್, ಜನವರಿಯಲ್ಲಿ ಗಿಡ ಚೆನ್ನಾಗಿಯೇ ಇತ್ತು. ಮಾರ್ಚ್ ಮುಗಿಯುವ ವೇಳೆಗೆ ಎಲೆಯ ಬಿಳಿ ಅಂಚು ಮೊದಲು ಕಂದಿತು, ಬಳಿಕ ಕಾಗದದಂತೆ ಸುಟ್ಟು ಮುದುಡಿತು. ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರಿನಲ್ಲಿ ಮನೆಯವರು ತಮ್ಮ ಪಾಲನ್ನು ಕಡಿಮೆ ಮಾಡಿಕೊಂಡು ಗಿಡಕ್ಕೆ ಎರೆದರು. ನೀರು ಹೆಚ್ಚಾಗಿ ಬೇರು ಕೊಳೆಯಿತು. ಎರಡನೆಯ ವರ್ಷ ಅಂಚೆಯಲ್ಲಿ ಬೀಜ ತರಿಸಿದರು, ಒಂದೂ ಮೊಳೆಯಲಿಲ್ಲ. ಮೂರನೆಯ ವರ್ಷ ಮಗಳೇ, “ಅಪ್ಪಾ, ಈ ಸಲ ಬರುವಾಗ ಪೆಟ್ಟಿಗೆಯೊಳಗೆ ನಾಲ್ಕು ಕಡ್ಡಿ ಇಟ್ಟುಕೊಂಡು ಬರ್ತೀನಿ” ಎಂದಳಂತೆ. ಆಗ ಅವರು ನಮ್ಮನ್ನು ಕೇಳಿದರು.

ಹಾಲಿಯ ಸಸ್ಯಶಾಸ್ತ್ರೀಯ ಹೆಸರು ಐಲೆಕ್ಸ್ ಅಕ್ವಿಫೋಲಿಯಂ. ಪಶ್ಚಿಮ ಮತ್ತು ದಕ್ಷಿಣ ಯೂರೋಪು ಅದರ ತವರು. ಹೆಚ್ಚು ಬಿಸಿಯೂ ಇಲ್ಲದ, ಅತಿಯಾದ ಹಿಮವೂ ಇಲ್ಲದ, ಗಾಳಿಯಲ್ಲಿ ಸದಾ ತೇವವಿರುವ ಕಡಲ ಸಮೀಪದ ಹವೆಯಲ್ಲಿ ಅದು ಸುಖವಾಗಿರುತ್ತದೆ. ನಿತ್ಯಹರಿದ್ವರ್ಣದ ಗಿಡವಾದುದರಿಂದ ಸುತ್ತಲ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿ ನಿಂತ ಚಳಿಗಾಲದಲ್ಲಿಯೂ ಹಸಿರಾಗಿರುತ್ತದೆ. ಅದೇ ಕಾಲಕ್ಕೆ ಹಣ್ಣೂ ಕೆಂಪೇರುತ್ತದೆ. ಅಲ್ಲಿನವರಿಗೆ ಅದು ಇಷ್ಟೊಂದು ಪ್ರಿಯವಾಗಲು ಇದೇ ಕಾರಣ. ರೋಮನರು ಕ್ರೈಸ್ತರಾಗುವ ಮೊದಲೇ ತಮ್ಮ ಡಿಸೆಂಬರ್ ಹಬ್ಬದಲ್ಲಿ ಅದರ ಕೊಂಬೆಗಳನ್ನು ಬಳಸುತ್ತಿದ್ದರು. ಕ್ರೈಸ್ತರಾದವರು ಮುಳ್ಳಿನಲ್ಲಿ ಯೇಸುಸ್ವಾಮಿಯ ಮುಳ್ಳಿನ ಕಿರೀಟವನ್ನೂ ಕೆಂಪು ಹಣ್ಣಿನಲ್ಲಿ ರಕ್ತದ ಹನಿಗಳನ್ನೂ ಕಂಡರು. ಡೆನ್ಮಾರ್ಕಿನ ಭಾಷೆಯಲ್ಲಿ ಈ ಗಿಡದ ಹೆಸರೇ ‘ಕ್ರಿಸ್ತನ ಮುಳ್ಳು’. ಜರ್ಮನರು ಅದನ್ನು ‘ಚುಚ್ಚುವ ಗರಿ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಗರಿಗಳ ಭಾನುವಾರದಂದು ಆ ಶೀತದೇಶದಲ್ಲಿ ಖರ್ಜೂರದ ಗರಿ ಎಲ್ಲಿಂದ ಬರಬೇಕು? ಹಾಲಿಯ ರೆಂಬೆಯನ್ನೇ ಕಟ್ಟಿ ಮೆರವಣಿಗೆ ಮಾಡುತ್ತಿದ್ದರು. ನಾವು ಈಚಲು ಗರಿಯನ್ನೋ ತೆಂಗಿನ ಗರಿಯನ್ನೋ ಹಿಡಿದು ನಡೆಯುವಂತೆ.

ಹಾಲಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡಕ್ಕೆ ಮಾತ್ರ ಹಣ್ಣು, ಅದೂ ಹತ್ತಿರದಲ್ಲಿ ಗಂಡು ಗಿಡವಿದ್ದರೆ. ಬಣ್ಣದ ಅಂಚಿನ ತಳಿಗಳಿಗೆ ಹೆಸರಿಟ್ಟವರು ಇದರಲ್ಲಿ ಒಂದು ಸೋಜಿಗವನ್ನು ಮಾಡಿದ್ದಾರೆ: ‘ಗೋಲ್ಡನ್ ಕಿಂಗ್’ ಎಂಬುದು ಹೆಣ್ಣು, ‘ಸಿಲ್ವರ್ ಕ್ವೀನ್’ ಎಂಬುದು ಗಂಡು! ಹೆಸರು ನೋಡಿ ರಾಣಿಯನ್ನು ಕೊಂಡವರು ಹಣ್ಣಿಗಾಗಿ ಜನ್ಮಪೂರ್ತಿ ಕಾಯಬೇಕಾದೀತು. ಇನ್ನು ಬೀಜವೋ, ಹಣ್ಣಿನಿಂದ ಹೊರಬಂದು ಒಂದೂವರೆ ವರ್ಷದಿಂದ ಮೂರು ವರ್ಷದವರೆಗೆ ಮಣ್ಣಿನಲ್ಲಿ ಮಲಗಿ, ಚಳಿಯನ್ನು ಕಂಡು, ಆಮೇಲೆ ಮೊಳೆಯುವಂಥದು. ನಮ್ಮ ಸ್ನೇಹಿತರು ಆರು ವಾರ ಕಾದು ಕುಂಡವನ್ನು ಕವುಚಿಬಿಟ್ಟಿದ್ದರು. ಕಾದಿದ್ದರೂ ಪ್ರಯೋಜನವಿರಲಿಲ್ಲ, ಏಕೆಂದರೆ ಬಣ್ಣದ ಅಂಚು ಬೀಜದಿಂದ ಬರುವುದೇ ಇಲ್ಲವೆನ್ನಬಹುದು.

ಎಲೆಗೆ ಎರಡು ಬಣ್ಣ ಬರುವ ಬಗೆಯನ್ನು ಸ್ವಲ್ಪ ತಿಳಿಯುವುದು ಒಳ್ಳೆಯದು. ಕ್ರೋಟನ್ನಿನಿಂದ ಹಿಡಿದು ಮನಿಪ್ಲಾಂಟ್‌ವರೆಗೆ ನಮ್ಮ ಮನೆಗಳಲ್ಲಿ ಇಂಥ ಗಿಡಗಳು ಬೇಕಾದಷ್ಟಿವೆ. ಕುಡಿಯ ತುದಿಯಲ್ಲಿ ಜೀವಕೋಶಗಳು ಪದರ ಪದರವಾಗಿ ಇರುತ್ತವೆ. ಹಾಲಿಯಂಥ ಗಿಡದಲ್ಲಿ ಆ ಪದರಗಳಲ್ಲೊಂದು ಯಾವುದೋ ಆಕಸ್ಮಿಕ ಬದಲಾವಣೆಯಿಂದ ಪತ್ರಹರಿತ್ತನ್ನು ತಯಾರಿಸುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಆ ಪದರದಿಂದ ಬೆಳೆದ ಭಾಗ ಬಿಳಿ ಅಥವಾ ಹಳದಿ, ಉಳಿದದ್ದು ಹಸಿರು. ಒಂದೇ ಗಿಡದೊಳಗೆ ದುಡಿಯುವವರೂ ಕೂತು ಉಣ್ಣುವವರೂ ಇದ್ದಂತೆ. ಬೀಜಕ್ಕೆ ಈ ಪದರಗಳ ಜೋಡಣೆ ಇಳಿದುಬರುವುದಿಲ್ಲ. ಕಡ್ಡಿ ನೆಟ್ಟು ಅಥವಾ ಕಸಿ ಮಾಡಿಯೇ ತಳಿಯನ್ನು ಉಳಿಸಿಕೊಳ್ಳಬೇಕು. ಇದರಿಂದ ಹೊರಡುವ ಕೆಲವು ನಿಯಮಗಳು ಯಾವ ಬಣ್ಣದೆಲೆಯ ಪೊದೆಗಿಡಕ್ಕಾದರೂ ಅನ್ವಯಿಸುತ್ತವೆ. ಎಲೆಯಲ್ಲಿ ಹಸಿರು ಕಡಿಮೆಯಾದುದರಿಂದ ಬೆಳವಣಿಗೆ ನಿಧಾನ. ಗಾಢ ನೆರಳಿನಲ್ಲಿಟ್ಟರೆ ಬಣ್ಣ ಮಾಸುತ್ತದೆ, ನಡುಹಗಲಿನ ಬಿಸಿಲಿಗೆ ಒಡ್ಡಿದರೆ ಬಿಳಿ ಭಾಗ ಸುಡುತ್ತದೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ನಂತರ ನೆರಳಾಗುವ ಪೂರ್ವದಿಕ್ಕಿನ ಗೋಡೆ ಸೂಕ್ತ. ಯೂರಿಯಾ ಸುರಿದರೆ ಹಸಿರು ವಿಜೃಂಭಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಒಮ್ಮೊಮ್ಮೆ ಬುಡದಲ್ಲೋ ನಡುವಿನಲ್ಲೋ ಪೂರ್ತಿ ಹಸಿರಿನ ಒಂದು ಚಿಗುರು ಹೊರಡುತ್ತದೆ. ಅಯ್ಯೋ ಪಾಪ, ಎಷ್ಟು ಹುಲುಸಾಗಿದೆ ಎಂದು ಬಿಡಬಾರದು. ಅದು ಉಳಿದ ರೆಂಬೆಗಳಿಗಿಂತ ಬೇಗ ಬೆಳೆದು ಮೂರು ನಾಲ್ಕು ವರ್ಷದಲ್ಲಿ ಇಡೀ ಗಿಡವನ್ನೇ ನುಂಗಿ ಸಾಮಾನ್ಯ ಹಸಿರು ಗಿಡವನ್ನಾಗಿ ಮಾಡುತ್ತದೆ. ಹೊರಟ ಜಾಗದಿಂದಲೇ ಅದನ್ನು ಕತ್ತರಿಸಿ ತೆಗೆಯಬೇಕು.

ಹಾಗಾದರೆ ಬಿಡದಿಯಲ್ಲಿ ಹಾಲಿ ಬೆಳೆಯಲು ಸಾಧ್ಯವೇ? ಸಾಧ್ಯವಿಲ್ಲವೆಂದೇ ನಮ್ಮ ಅಭಿಪ್ರಾಯ. ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದ್ದೇವೆ, ನಮ್ಮದು ತಂಪು ಪ್ರದೇಶ ಎಂಬ ಹೆಮ್ಮೆ ಇಲ್ಲಿಯವರಿಗೆ ಉಂಟು. ಪಕ್ಕದ ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದು 1884ರ ಜನವರಿ 13ರಂದು. 2016ರ ಏಪ್ರಿಲ್‌ನಲ್ಲಿ ಅದೇ ಊರು 39.2 ಡಿಗ್ರಿಯನ್ನು ಮುಟ್ಟಿತು. ಹಾಲಿಗೆ ಬೇಕಾದದ್ದು ತಿಂಗಳುಗಟ್ಟಲೆ ನಿಲ್ಲುವ ಚಳಿ, ಒಂದು ರಾತ್ರಿಯ ನಡುಕವಲ್ಲ. ಅದರ ಮೇಲೆ ರಾಮನಗರದ ಬಂಡೆಗಳಿಂದ ಏಳುವ ಬೇಸಿಗೆಯ ಝಳ.

ಆ ಕುಲದ ಗಿಡಗಳು ನಮ್ಮ ನಾಡಿನಲ್ಲಿ ಇಲ್ಲವೆಂದಲ್ಲ. ಪಶ್ಚಿಮ ಘಟ್ಟಗಳ ಕಾಡುಗಳಲ್ಲಿ ಐಲೆಕ್ಸ್ ಮಲಬಾರಿಕಾ, ಐಲೆಕ್ಸ್ ವೈಟಿಯಾನಾ ಮುಂತಾದ ಸೋದರ ವೃಕ್ಷಗಳಿವೆ. ಆದರೆ ಅವುಗಳ ಎಲೆಗೆ ಆ ಪ್ರಸಿದ್ಧವಾದ ಮುಳ್ಳಿನ ಅಂಚಿಲ್ಲ. ಶುಭಾಶಯ ಪತ್ರದಲ್ಲಿ ಅಚ್ಚು ಹಾಕಿಸಿದರೆ ಯಾರೂ ಗುರುತಿಸಲಾರರು. ಇದೇ ಕುಲದ ಇನ್ನೊಂದು ಮರ ದಕ್ಷಿಣ ಅಮೆರಿಕದಲ್ಲಿದೆ. ಅದರ ಎಲೆಯಿಂದ ‘ಮಾತೆ’ ಎಂಬ ಚಹಾದಂಥ ಪಾನೀಯವನ್ನು ಮಾಡುತ್ತಾರೆ. ಕಾಡಿನಿಂದ ಕಿತ್ತು ತರಬೇಕಾಗಿದ್ದ ಆ ಮರವನ್ನು ಮೊಟ್ಟಮೊದಲು ತೋಟದ ಬೆಳೆಯನ್ನಾಗಿ ಮಾಡಿದವರು ಪರಾಗ್ವೇಯಲ್ಲಿ ಗ್ವಾರಾನಿ ಜನರ ನಡುವೆ ನೆಲೆಸಿದ್ದ ಯೇಸುಸಭೆಯ ಗುರುಗಳು, 17ನೆಯ ಶತಮಾನದಲ್ಲಿ. ಸುಲಭವಾಗಿ ಮೊಳೆಯದ ಆ ಬೀಜವನ್ನು ಮೊಳೆಯಿಸುವ ಉಪಾಯ ಅವರಿಗೆ ತಿಳಿದಿತ್ತು. 1767ರಲ್ಲಿ ಸ್ಪೇನಿನ ದೊರೆ ಅವರನ್ನು ತನ್ನ ರಾಜ್ಯಗಳಿಂದ ಹೊರಹಾಕಿದಾಗ ತೋಟಗಳು ಹಾಳುಬಿದ್ದವು, ಉಪಾಯವೂ ಮರೆತುಹೋಯಿತು. ಅದೇ 17ನೆಯ ಶತಮಾನದ ಮಧ್ಯದಲ್ಲಿ ಅದೇ ಸಭೆಯ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಸೀಮೆಯಲ್ಲಿ ಕನ್ನಡ ಕಲಿಯುತ್ತಿದ್ದರು ಎಂಬುದನ್ನು ನೆನೆದರೆ ಲೋಕ ಎಷ್ಟು ಚಿಕ್ಕದು ಅನಿಸುತ್ತದೆ. ಇದು ವಿಷಯಾಂತರವಾಯಿತು.

ಪೆಟ್ಟಿಗೆಯೊಳಗಿನ ನಾಲ್ಕು ಕಡ್ಡಿಗಳ ಪ್ರಶ್ನೆಗೆ ಬರೋಣ. ನಾವು ಅದನ್ನು ಕೂಡದೆಂದೆವು. ಹೊರದೇಶದಿಂದ ಗಿಡ, ಕಡ್ಡಿ, ಬೀಜ ಯಾವುದನ್ನು ತರಬೇಕಾದರೂ 2003ರ ಸಸ್ಯ ಸಂಪರ್ಕತಡೆ ಆದೇಶದಂತೆ ಆಮದು ಪರವಾನಗಿಯೂ ಆ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರವೂ ಬೇಕು. ನಾಲ್ಕು ಕಡ್ಡಿಗೆ ಇಷ್ಟೆಲ್ಲವೇ ಎಂದು ಸ್ನೇಹಿತರು ಮುಖ ಸಣ್ಣದು ಮಾಡಿಕೊಂಡರು. ಅವರನ್ನು ಕರೆದುಕೊಂಡು ಹೋಗಿ ರಾಮನಗರದ ಬೆಟ್ಟದ ಬುಡದಲ್ಲಿ ಹಬ್ಬಿರುವ ಲಂಟಾನದ ಪೊದೆಗಳನ್ನು ತೋರಿಸಿದೆವು. ಅದೂ ಅಲಂಕಾರದ ಗಿಡವಾಗಿಯೇ ಬಂದದ್ದು. 19ನೆಯ ಶತಮಾನದ ಮೊದಲ ದಶಕದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ ಚೆಂದದ ಹೂವೆಂದು ನೆಟ್ಟರು. ಬೇಲಿಗೆ ಒಳ್ಳೆಯದೆಂದು ಊರೂರಿಗೆ ಒಯ್ದರು. ಹಕ್ಕಿಗಳು ಹಣ್ಣು ತಿಂದು ಕಾಡಿಗೆ ಒಯ್ದವು. ಇಂದು ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದರ ಕಡ್ಡಿಯಿಂದ ಕುರ್ಚಿ ಮೇಜು ಹೆಣೆಯುತ್ತಿದ್ದಾರೆ. ಎಷ್ಟು ಹೆಣೆದರೂ ಮುಗಿಯುವಂತಿಲ್ಲ. ಹಾಲಿಯೇ ಅಮೆರಿಕದ ವಾಯವ್ಯ ಕರಾವಳಿಯ ಕಾಡುಗಳಿಗೆ ನುಗ್ಗಿ ಅಲ್ಲಿನವರಿಗೆ ತಲೆನೋವಾಗಿದೆ. ಬಿಡದಿಯಲ್ಲಿ ಅದು ಹಬ್ಬುವುದಿಲ್ಲವೆಂಬುದು ನಿಜ. ಆದರೆ ಕಡ್ಡಿಯೊಂದಿಗೆ ಬರಬಹುದಾದ ರೋಗಕ್ಕೂ ಹುಳುವಿಗೂ ಅದು ಗೊತ್ತಿರುವುದಿಲ್ಲ.

ಅಂದು ಮನೆಗೆ ಹಿಂದಿರುಗಿ ಕಾಫಿ ಕುಡಿಯುತ್ತಿದ್ದಾಗ ಈ ಮಾತುಗಳನ್ನೆಲ್ಲ ಗೋಡೆಗೊರಗಿ ಕೇಳುತ್ತಿದ್ದ ಸ್ನೇಹಿತರ ತಾಯಿ ಬಾಯಿ ತೆರೆದರು. ವಯಸ್ಸು ಎಂಬತ್ತು ದಾಟಿದ ಅವರ ತವರು ಕನಕಪುರದ ಕಡೆ.

“ಅಲ್ಲ ಕಣಪ್ಪಾ, ಮುಳ್ಳಿರಬೇಕು, ಎಲೆ ಮಿರಮಿರ ಅನ್ನಬೇಕು, ಯಾವಾಗಲೂ ಹಸಿರಾಗಿರಬೇಕು, ಕೆಂಪಗೆ ಹಣ್ಣಿರಬೇಕು. ಇಷ್ಟೇ ತಾನೆ? ನಮ್ಮ ಹೊಲದ ಬದುವಿನಲ್ಲಿ ಇದ್ದದ್ದು ಮತ್ತೇನು?”

ಮಗ ತಕ್ಷಣ ಉತ್ತರ ಕೊಡಲಿಲ್ಲ. ಆ ಹೊಲ ಈಗ ಇಲ್ಲ. ಕೈಗಾರಿಕೆಗೆಂದು ಭೂಮಿ ಹೋದಾಗ ಅವರು ಇನ್ನೂ ಯುವಕರು. ಪರಿಹಾರ ಬಂತು, ಅದರಲ್ಲಿ ತಂಗಿಯ ಮದುವೆಯಾಯಿತು, ಈ ಮನೆ ಎದ್ದಿತು, ಕೆಲಸವೂ ಸಿಕ್ಕಿತು. ಯಾರನ್ನೂ ದೂರುವ ಸ್ವಭಾವ ಅವರದಲ್ಲ. ಆದರೆ ಯಂತ್ರ ಬಂದು ಮೊದಲ ದಿನ ಕಿತ್ತುಹಾಕಿದ್ದು ಬದುವಿನ ಬೇಲಿಯನ್ನು. ಆ ದಿನ ಅವರ ತಂದೆ ಊಟ ಮಾಡಲಿಲ್ಲ ಎಂಬುದನ್ನು ಮಾತ್ರ ಅವರು ನಮಗೆ ಹಿಂದೆಯೇ ಹೇಳಿದ್ದರು. ಬೇಲಿ ಕವಳೆಯದು.

ಕವಳೆ, ಕವಳಿ, ಕರಂಡೆ ಎಂದು ಊರಿಗೊಂದು ಹೆಸರಿನಿಂದ ಕರೆಸಿಕೊಳ್ಳುವ ಈ ಗಿಡವನ್ನು ನಮ್ಮ ಹಿರಿಯ ಓದುಗರು ಮರೆತಿರಲಾರರು. ಶಾಲೆಯಿಂದ ಬರುವಾಗ ಜೇಬು ತುಂಬ ಕಿತ್ತುಕೊಂಡು, ಹಾಲಿನಂಟು ತುಟಿಗೆ ಮೆತ್ತಿಕೊಂಡು, ಮುಳ್ಳು ಗೀಚಿಸಿಕೊಂಡು ಮನೆಗೆ ಬಂದು ಬೈಸಿಕೊಂಡವರು ನಮ್ಮಲ್ಲಿ ಎಷ್ಟು ಮಂದಿ! ಸಸ್ಯಶಾಸ್ತ್ರಜ್ಞರು ಅದನ್ನು ಕ್ಯಾರಿಸ್ಸಾ ಕ್ಯಾರಂಡಾಸ್ ಎನ್ನುತ್ತಾರೆ. ಗುಡ್ಡಗಳಲ್ಲಿ ಸಣ್ಣ ಹಣ್ಣು ಬಿಡುವ ಅದರ ತಂಗಿಯೊಬ್ಬಳೂ ಇದ್ದಾಳೆ. ದಪ್ಪನೆಯ, ಹೊಳಪಿನ, ಕಡುಹಸಿರು ಎಲೆ. ಕವಲೊಡೆದ ಗಟ್ಟಿ ಮುಳ್ಳು. ಮಲ್ಲಿಗೆಯಂಥ ಬಿಳಿಯ, ಪರಿಮಳದ ಹೂವು. ಹಣ್ಣು ಮೊದಲು ಹಸಿರು, ಆಮೇಲೆ ಕೆಂಪು, ಪೂರ್ತಿ ಮಾಗಿದಾಗ ಕಪ್ಪು. ವರ್ಷವಿಡೀ ಎಲೆ ಉದುರದು. ಒಮ್ಮೆ ಬೇರೂರಿದರೆ ಬರಗಾಲಕ್ಕೂ ಜಗ್ಗದು. ಇದಕ್ಕೆ ಇಂಗ್ಲಿಷಿನಲ್ಲಿರುವ ಹೆಸರುಗಳಲ್ಲಿ ಒಂದನ್ನು ಕನ್ನಡಿಸಿದರೆ ‘ಕ್ರಿಸ್ತನ ಮುಳ್ಳು’ ಎಂದೇ ಆಗುತ್ತದೆ! ಡೆನ್ಮಾರ್ಕಿನವರು ಹಾಲಿಗೆ ಕೊಟ್ಟ ಹೆಸರನ್ನೇ ಇಂಗ್ಲಿಷರು ನಮ್ಮ ಕವಳೆಗೆ ಕೊಟ್ಟಿದ್ದಾರೆ. ಇದನ್ನು ನಾವು ಹೇಳಿದಾಗ ಆ ತಾಯಿ ನಂಬಲಿಲ್ಲ. “ಇರಲಿ ಬಿಡಿ, ನಮ್ಮೂರಲ್ಲಿ ಕವಳೆ” ಎಂದರು.

ನಿಜವಾದ ಮುಳ್ಳಿನ ಕಿರೀಟ ಯಾವ ಗಿಡದ್ದು ಎಂಬ ಪ್ರಶ್ನೆಯನ್ನು ಓದುಗರು ಕೇಳಬಹುದು. ಹಾಲಿಯದಂತೂ ಅಲ್ಲ, ಕವಳೆಯದೂ ಅಲ್ಲ. ಪುಣ್ಯಭೂಮಿಯಲ್ಲಿ ಬೆಳೆಯುವ, ನಮ್ಮ ಎಲಚಿಯ ಕುಲಕ್ಕೆ ಸೇರಿದ ಒಂದು ಮುಳ್ಳುಮರದ್ದು ಎಂಬುದು ಬಹುಕಾಲದ ನಂಬಿಕೆ. ಲಿನೀಯಸ್ ಅದಕ್ಕೆ ಕ್ರಿಸ್ತನ ಮುಳ್ಳೆಂಬ ಅರ್ಥದ ಹೆಸರನ್ನೇ ಇಟ್ಟ. ಫ್ರಾನ್ಸಿನ ದೊರೆ ಸಂತ ಒಂಬತ್ತನೆಯ ಲೂಯಿ 1239ರಲ್ಲಿ ಪ್ಯಾರಿಸ್ಸಿಗೆ ತರಿಸಿದ, 2019ರ ಏಪ್ರಿಲ್ 15ರ ಬೆಂಕಿಯಿಂದ ಪಾರಾಗಿ 2024ರ ಡಿಸೆಂಬರಿನಲ್ಲಿ ನೋತ್ರ್ ದಾಮ್ ದೇವಾಲಯಕ್ಕೆ ಮರಳಿದ ಪವಿತ್ರ ಸ್ಮಾರಕದಲ್ಲಿ ಈಗ ಉಳಿದಿರುವುದು ಜೊಂಡಿನ ಬಳೆ ಮಾತ್ರ, ಮುಳ್ಳುಗಳಿಲ್ಲ. ಯೇಸುಸ್ವಾಮಿಯ ಪಾಡಿನ ನಾಟಕಕ್ಕೆ ಹೆಸರಾದ ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಊರುಗಳಿರುವ ಈ ಸೀಮೆಯಲ್ಲಿ ಮುಳ್ಳಿನ ಕಿರೀಟವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಕವಳೆಗೂ ಕ್ರಿಸ್ತಜಯಂತಿಗೂ ಇನ್ನೊಂದು ನಂಟು ಇದೆ, ಅದನ್ನು ಹೇಳಿದರೆ ಗೃಹಿಣಿಯರು ನಕ್ಕಾರು. ಹಬ್ಬದ ಕೇಕಿನ ಮೇಲೆ ಕೆಂಪಗೆ ಕುಳಿತಿರುವ ‘ಚೆರ್ರಿ’ ನಮ್ಮ ಬೇಕರಿಗಳಲ್ಲಿ ಅನೇಕ ವೇಳೆ ಚೆರ್ರಿಯೇ ಅಲ್ಲ. ಕವಳೆಕಾಯಿಯ ಬೀಜ ತೆಗೆದು, ಉಪ್ಪುನೀರಿನಲ್ಲಿಟ್ಟು, ಬಣ್ಣ ಕಟ್ಟಿ, ಸಕ್ಕರೆ ಪಾಕದಲ್ಲಿ ನೆನೆಸಿದ್ದು. ಹಾಲಿಯ ಚಿತ್ರವಿರುವ ಡಬ್ಬದೊಳಗೆ ಕವಳೆ ಕುಳಿತು ಎಷ್ಟೋ ವರ್ಷಗಳಿಂದ ನಮ್ಮ ಮನೆಗೆ ಬರುತ್ತಿದೆ.

ಬೆಳೆಸುವ ಕ್ರಮ ಕಷ್ಟದ್ದಲ್ಲ. ಹಣ್ಣು ಕಪ್ಪಾದಾಗ ಆರಿಸಿ, ತಿರುಳನ್ನು ತೊಳೆದು, ಬೀಜವನ್ನು ನೆರಳಿನಲ್ಲಿ ಒಂದು ದಿನ ಆರಿಸಿ ಕೂಡಲೇ ಬಿತ್ತಬೇಕು. ಇಟ್ಟಷ್ಟೂ ಅದರ ಮೊಳೆಯುವ ಶಕ್ತಿ ಕುಂದುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗಿನ ಕಾಲ ಒಳ್ಳೆಯದು. ಸಸಿಯನ್ನು ಚೀಲದಲ್ಲಿ ಬೆಳೆಸಿ ಮರುವರ್ಷದ ಮುಂಗಾರಿನಲ್ಲಿ ನೆಡುವುದು ರೂಢಿ. ನಮ್ಮ ಕೆಂಪು ಮರಳುಗೂಡಿದ ಮಣ್ಣಿನಲ್ಲಿ, ಜಲ್ಲಿಯಿರುವ ನೆಲದಲ್ಲಿಯೂ ಬರುತ್ತದೆ. ಒಂದೂವರೆ ಅಡಿ ಗುಂಡಿ ತೆಗೆದು, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದರೆ ಸಾಕು. ಬೇಲಿಗಾದರೆ ಎರಡರಿಂದ ಮೂರಡಿಗೊಂದು ಗಿಡ. ನೀರು ನಿಲ್ಲಬಾರದು, ಇದೊಂದನ್ನು ಅದು ಸಹಿಸುವುದಿಲ್ಲ. ಮೊದಲೆರಡು ಬೇಸಿಗೆ ವಾರಕ್ಕೆರಡು ಬಾರಿ ನೀರು ಕೊಟ್ಟು, ಬುಡಕ್ಕೆ ತರಗೆಲೆಯ ಹೊದಿಕೆ ಹಾಕಿದರೆ ಆಮೇಲೆ ಕೊಳವೆಬಾವಿಯ ಕಡೆ ನೋಡುವ ಅಗತ್ಯವಿಲ್ಲ. ಹಣ್ಣಿನ ಕಾಲ ಮುಗಿದ ಮೇಲೆ ದಪ್ಪ ಕೈಚೀಲ ತೊಟ್ಟು ಸವರಬೇಕು. ಸವರಿದಷ್ಟೂ ಒತ್ತಾಗುತ್ತದೆ. ಮೂರನೆಯ ವರ್ಷದ ಸುಮಾರಿಗೆ ಹಣ್ಣು ಕಾಣಬಹುದು.

ಇಲ್ಲಿಯವರಿಗೆ ವಿಶೇಷವಾಗಿ ಎರಡು ಮಾತು. ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ವೃಷಭಾವತಿ ಬೈರಮಂಗಲ ಕೆರೆಗೆ ಬಂದು ಸೇರುತ್ತದೆ. ಆ ನೀರಿನಲ್ಲಿ ಬೇಲಿ ಹುಲುಸಾಗಿಯೇ ಬೆಳೆದೀತು. ಆದರೆ ಅದರ ಹಣ್ಣನ್ನು ಮಕ್ಕಳ ಕೈಗೆ ಕೊಡಬೇಡಿ. ತಿನ್ನುವ ಹಣ್ಣಿನ ಗಿಡಕ್ಕೆ ಮಳೆನೀರನ್ನು, ಇಲ್ಲವಾದರೆ ಮನೆಯಲ್ಲಿ ಅಕ್ಕಿ ತರಕಾರಿ ತೊಳೆದ ನೀರನ್ನು ಬಳಸಿ. ಇನ್ನೊಂದು, ಪಕ್ಕದಲ್ಲಿ ಹಿಪ್ಪುನೇರಳೆ ತೋಟವಿದ್ದರೆ ಬೇಲಿಗೆ ಯಾವ ಕೀಟನಾಶಕವನ್ನೂ ಹೊಡೆಯಬಾರದು. ಗಾಳಿಯಲ್ಲಿ ತೇಲಿಹೋದ ನಾಲ್ಕು ಹನಿ ಸೊಪ್ಪಿನ ಮೇಲೆ ಕುಳಿತರೆ ನೆರೆಯವರ ರೇಷ್ಮೆ ಹುಳು ಸಾಯುತ್ತದೆ. ತಂಬಾಕಿನ ಕಷಾಯ ಮನೆಮದ್ದಲ್ಲವೇ ಎಂದು ಯಾರೂ ವಾದಿಸದಿರಲಿ, ಹುಳುವಿಗೆ ಅದೂ ವಿಷವೇ.

ಮಕ್ಕಳಿರುವ ಮನೆಯವರು ಹಣ್ಣುಗಳ ವಿಷಯದಲ್ಲಿ ಎಚ್ಚರವಹಿಸುವುದು ಅಗತ್ಯ. ಹಾಲಿಯ ಕೆಂಪು ಹಣ್ಣು ಹಕ್ಕಿಗಳಿಗೆ ಆಹಾರ, ಮನುಷ್ಯರಿಗೆ ವಿಷ. ನಮ್ಮ ಬೇಲಿಗಳಲ್ಲಿ ಸಾಮಾನ್ಯವಾಗಿರುವ ಡುರಾಂಟದ ಹಳದಿ ಹಣ್ಣೂ ಹಾಗೆಯೇ. ಕಣಗಿಲೆಯಂತೂ ಎಲೆ, ಹೂ, ಕಡ್ಡಿ ಎಲ್ಲವೂ ವಿಷ, ಅದು ಕವಳೆಯ ಮನೆತನಕ್ಕೇ ಸೇರಿದ್ದರೂ. ಒಂದೇ ಮನೆಯಲ್ಲಿ ಎಂಥೆಂಥ ಮಕ್ಕಳು ಹುಟ್ಟುತ್ತಾರೆ ನೋಡಿ.

ಎಲೆಯ ಬಿಳಿ ಅಂಚಿನ ಆಸೆ ಉಳಿಯಿತಲ್ಲ? ಅದಕ್ಕೂ ಅದೇ ಮನೆತನದಲ್ಲಿ ಉತ್ತರವಿದೆ. ಬಿಳಿ ಅಂಚಿನೆಲೆಯ ನಂದಿಬಟ್ಟಲು ಎಲ್ಲ ನರ್ಸರಿಗಳಲ್ಲಿ ಅಗ್ಗವಾಗಿ ಸಿಗುತ್ತದೆ. ಎದೆಯೆತ್ತರದ ನಿತ್ಯಹಸಿರಿನ ಪೊದೆ, ಬಿಳಿಯ ಹೂವು, ಮಳೆಗಾಲದಲ್ಲಿ ಕಡ್ಡಿ ಚುಚ್ಚಿದರೆ ಬೇರು ಬಿಡುತ್ತದೆ. ಮುಳ್ಳಿಲ್ಲ, ಅದೊಂದು ಕೊರತೆ. ಗವಿಯ ಮುಂದೆ ಮಂಡಿಯೂರುವವರ ದೃಷ್ಟಿಯಿಂದ ಕೊರತೆಯೂ ಅಲ್ಲ. ಹಾಲಿಯ ಎಲೆಯೇ ಬೇಕೆಂದು ಹಟ ಹಿಡಿಯುವವರಿಗೆ ‘ಸಿಂಗಪುರ ಹಾಲಿ’ ಎಂಬ ಕುಳ್ಳನೆಯ ಗಿಡವಿದೆ. ಅದು ಸಿಂಗಪುರದ್ದೂ ಅಲ್ಲ, ಹಾಲಿಯೂ ಅಲ್ಲ, ಕೆರಿಬಿಯನ್ ದ್ವೀಪಗಳದು. ಎಲೆಯನ್ನು ಚಿಕ್ಕದಾಗಿ ಮಾಡಿಟ್ಟ ಹಾಲಿಯಂತೆ ಕಾಣುತ್ತದೆ, ನಮ್ಮ ಬಿಸಿಲನ್ನು ತಾಳುತ್ತದೆ, ಕುಂಡಕ್ಕೆ ಚೆನ್ನ. ಹಳದಿ ಅಂಚಿನ ‘ಸಾಂಗ್ ಆಫ್ ಇಂಡಿಯಾ’ವನ್ನು ಕೆಲವರು ಶಿಫಾರಸು ಮಾಡುತ್ತಾರೆ. ನಮಗೆ ಅದು ಕಚೇರಿಯ ಮೊಗಸಾಲೆಯನ್ನು ನೆನಪಿಗೆ ತರುತ್ತದೆ, ಹಾಗಾಗಿ ಪಕ್ಷಪಾತದಿಂದಲೇ ಬಿಡುತ್ತಿದ್ದೇವೆ.

ಹಳೆಯ ಬೇಲಿಗಳ ಕವಳೆ ಈಗ ಎಲ್ಲಿ ಸಿಗುತ್ತದೆ ಎಂಬುದು ಬೇರೆ ಪ್ರಶ್ನೆ. 1990ರ ದಶಕದ ಕೊನೆಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಬಂದ ಮೇಲೆ ಬಿಡದಿಯ ಸುತ್ತಣ ನೆಲದ ಸ್ವರೂಪವೇ ಬದಲಾಯಿತು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು, 2025ರಲ್ಲಿ ಅದ‌ರ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಬದುಗಳಿದ್ದ ಕಡೆ ಸಿಮೆಂಟಿನ ಹಲಗೆಯ ಆವರಣಗಳು ನಿಂತವು. ಸ್ನೇಹಿತರ ತಾಯಿಯ ಮಾತಿನ ಜಾಡು ಹಿಡಿದು ನಾವು ಮೂವರು ಕಳೆದ ಜುಲೈ ತಿಂಗಳ ಒಂದು ಭಾನುವಾರ ಬೆಳಗಿನ ಪೂಜೆ ಮುಗಿಸಿಕೊಂಡು ಕನಕಪುರದ ಕಡೆ ಹೊರಟೆವು. ಆಕೆಯ ತವರಿನ ಹೊಲದ ಅಂಚಿನಲ್ಲಿ ಇಪ್ಪತ್ತು ಮಾರು ಉದ್ದದ ಬೇಲಿ ಇನ್ನೂ ಇತ್ತು. ಆಕೆ ಕಾರಿನಿಂದಿಳಿದು ಕೋಲೂರಿಕೊಂಡು ನೇರವಾಗಿ ಅಲ್ಲಿಗೆ ನಡೆದರು, ಒಂದು ರೆಂಬೆಯನ್ನು ಮುಳ್ಳು ತಾಗದಂತೆ ಹಿಡಿದು ಬಗ್ಗಿಸಿದರು. ಆ ಕೌಶಲವನ್ನು ಕೈ ಮರೆತಿರಲಿಲ್ಲ. ಹಣ್ಣನ್ನು ಸೆರಗಿಗೆ ತುಂಬಿಕೊಂಡರು. ಮಗ ಒಂದನ್ನು ಬಾಯಿಗೆ ಹಾಕಿಕೊಂಡು ಹುಳಿಗೆ ಕಣ್ಣು ಮುಚ್ಚಿಕೊಂಡರು. ತೆರೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಮೂವತ್ತು ಬೀಜ ಬಿತ್ತಿದರು. ಹತ್ತೊಂಬತ್ತು ಮೊಳೆತವು. ಅಕ್ಟೋಬರ್ ಮಳೆಯಲ್ಲಿ ಐದು ಕೊಳೆತು ಹೋದವು. ಉಳಿದ ಹದಿನಾಲ್ಕು ಈಗ ಚೀಲದಲ್ಲಿ ಗೇಣುದ್ದವಾಗಿವೆ. ಮೊದಲ ಮುಳ್ಳು ಇನ್ನೂ ಮೆತ್ತಗಿದೆ. ಮುಂದಿನ ಜೂನ್‌ನಲ್ಲಿ ಕಾಂಪೌಂಡಿನ ಒಳಗೆ ಸಾಲಾಗಿ ನೆಡುವುದೆಂದು ತೀರ್ಮಾನವಾಗಿದೆ. ಗವಿಯ ಎರಡು ಪಕ್ಕಕ್ಕೆ ಬಿಳಿ ಅಂಚಿನ ನಂದಿಬಟ್ಟಲು ಆಗಲೇ ಬಂದು ಕುಳಿತಿದೆ.

ಮಗಳು ಈ ಡಿಸೆಂಬರಿನಲ್ಲಿ ಬರುತ್ತಾಳೆ. ಪೆಟ್ಟಿಗೆಯಲ್ಲಿ ಕಡ್ಡಿ ಇರುವುದಿಲ್ಲ. ಅಜ್ಜಿ ಆಗಸ್ಟಿನಲ್ಲೇ ಎರಡು ಭರಣಿ ಕವಳೆಕಾಯಿ ಉಪ್ಪಿನಕಾಯಿ ಹಾಕಿ ಅಟ್ಟದ ಮೇಲಿಟ್ಟಿದ್ದಾರೆ. ಒಂದು ಭರಣಿಯನ್ನು ವಿಮಾನದಲ್ಲಿ ಒಯ್ಯಲು ಬಿಡುತ್ತಾರೋ ಇಲ್ಲವೋ ವಿಚಾರಿಸಿ ತಿಳಿಸಬೇಕೆಂದು ನಮಗೆ ಹೇಳಿ ಕಳುಹಿಸಿದ್ದಾರೆ.